ವಿಝಾರ್ಡಾ, ಡ್ಯಾಶ್‌ಬೋರ್ಡಾ? ಕ್ಲೌಡ್‌ಗೆ ಡೇಟಾ ಸಾಗಿಸುವ ಟೂಲ್‌ನ ಪರದೆ

ಶಿರಸಿ ಕಡೆಯ ಅಡಿಕೆ ಸೊಸೈಟಿಯೊಂದರ ಹಳೆ ಸರ್ವರ್ ಖಾಲಿ ಮಾಡುವ ಟೂಲ್ ವಿನ್ಯಾಸಕ್ಕೆ ಎರಡು ದಾರಿ: ಹೆಜ್ಜೆಹೆಜ್ಜೆಗೆ ಕೇಳುವ ವಿಝಾರ್ಡ್, ಎಲ್ಲವನ್ನೂ ಒಂದೆಡೆ ತೋರಿಸುವ ಡ್ಯಾಶ್‌ಬೋರ್ಡ್.

ಗುಮಾಸ್ತರಿಗೆ ವಿಝಾರ್ಡ್ ಸಲೀಸು. ಮೂಲ, ಗುರಿ, ಫೀಲ್ಡ್ ಹೊಂದಾಣಿಕೆ (ಹಳೆಯ ಯಾವ ಕಾಲಂ ಹೊಸದರ ಯಾವುದಕ್ಕೆ), ಪರೀಕ್ಷಾ ಓಟ, ಸಾಗಣೆ: ಐದು ಪರದೆ ಸಾಕು. ಮೂರನೆಯದ್ದೇ ಜೀವಾಳ. ‘ನುಡಿ’ ಕನ್ನಡ ತಂತ್ರಾಂಶದ ಹಳೆ ಫಾಂಟ್‌ನಲ್ಲಿ ಟೈಪಿಸಿದ ಸದಸ್ಯರ ಹೆಸರು ಡೇಟಾಬೇಸ್‌ನಲ್ಲಿ ಕೂತಿರುವುದು ಲ್ಯಾಟಿನ್ ಸಂಕೇತಗಳಾಗಿ. ಎಲ್ಲ ಲಿಪಿಗಳಿಗೂ ಸಲ್ಲುವ ಸಂಕೇತ ಪದ್ಧತಿ ಯೂನಿಕೋಡ್‌ಗೆ ಬದಲಿಸದೆ ಕಳಿಸಿದರೆ ಆಚೆ ಕಡೆ ಕಲಸುಮೇಲೋಗರ. ಎಡಕ್ಕೆ ಮೂಲ, ಬಲಕ್ಕೆ ಪರಿವರ್ತಿತ ರೂಪ ಇಟ್ಟು 20 ಸಾಲು ತೋರಿಸಿ. ಮೊದಲ 20 ಅಲ್ಲ, ಒತ್ತಕ್ಷರ, ಅರ್ಕಾವೊತ್ತು ಇರುವಂಥವು, ತಪ್ಪುವುದು ಅಲ್ಲೇ.

ಸಾಗಣೆ ಶುರುವಾದ ಮೇಲೆ ವಿಝಾರ್ಡ್ ಕೈಕೊಡುತ್ತದೆ. 20 ಎಂಬಿಪಿಎಸ್ ಅಪ್‌ಲೋಡ್ ಪೂರ್ತಿ ಸಿಕ್ಕರೂ 1 ಟಿಬಿಗೆ ನಾಲ್ಕೂವರೆ ದಿನ ಮೀರುತ್ತದೆ. ಘಟ್ಟದ ಮಳೆಗಾಲದಲ್ಲಿ ಅಷ್ಟು ದಿನ ಕರೆಂಟು ಹೋಗುವುದಿಲ್ಲವೆಂದು ನಂಬಿದರೆ ಕೆಟ್ಟಿರಿ. ಇಲ್ಲಿ ಡ್ಯಾಶ್‌ಬೋರ್ಡೇ ಸರಿ: ಪ್ರತಿ ಟೇಬಲ್‌ಗೊಂದು ಸಾಲು, ಕೊನೆಯ ಚೆಕ್‌ಪಾಯಿಂಟ್ (ನಿಂತರೆ ಮತ್ತೆ ಶುರುವಾಗುವ ಜಾಗ), ಸೋತ ದಾಖಲೆಗಳಿಗೆ ಮಾತ್ರ ಮರುಯತ್ನದ ಬಟನ್. ಬೈಟ್ ಲೆಕ್ಕದ ಶೇಕಡಾವಾರು ಒಂದೇ ಸಾಲದು; ಕೊನೆಗೆ ಸಾವಿರಾರು ಸಣ್ಣ ಫೈಲ್ ಉಳಿದರೆ ಅದು 99ರಲ್ಲೇ ಕೂರುತ್ತದೆ, ಜನ ಕೆಟ್ಟಿತೆಂದು ರದ್ದು ಮಾಡುತ್ತಾರೆ. ಪಕ್ಕದಲ್ಲಿ ಫೈಲ್ ಸಂಖ್ಯೆಯೂ ಇರಲಿ.

ಗಂಟೆಯೊಳಗೆ ಮುಗಿಯುವುದಕ್ಕೆ ವಿಝಾರ್ಡ್ ಸಾಕು. ದಿನ ಮೀರುವುದಾದರೆ ಸಿದ್ಧತೆಗೆ ವಿಝಾರ್ಡ್, ಓಟಕ್ಕೆ ಡ್ಯಾಶ್‌ಬೋರ್ಡ್. ‘ಹಳೆಯದನ್ನು ಅಳಿಸು’ ಬಟನ್ ಎರಡರಲ್ಲೂ ಬೇಡ. ಚೆಕ್‌ಸಮ್ (ಡೇಟಾದಿಂದ ಲೆಕ್ಕಹಾಕಿದ, ಎರಡೂ ಕಡೆ ಒಂದೇ ಇರಬೇಕಾದ ಗುರುತು) ತಾಳೆಯಾದ ಮೇಲೆ ಬೇರೆ ಪರದೆಯಲ್ಲಿ ಬರಲಿ. ಯೂನಿಕೋಡ್‌ಗೆ ಬದಲಾದ ಕಾಲಂಗಳಲ್ಲಿ ಚೆಕ್‌ಸಮ್ ಹೊಂದುವುದಿಲ್ಲ, ಅಲ್ಲಿ ಸಾಲುಗಳ ಎಣಿಕೆ ನೋಡಿ, ಕೆಲವು ಹೆಸರುಗಳನ್ನು ಕಣ್ಣಾರೆ ಓದಿ.