ಒಂದೇ ಕಾರು, ಮೂರು ಸೈಲೆನ್ಸರ್

ಗಾಡಿ ನಿಲ್ಲಿಸಿಕೊಂಡು ಆಕ್ಸಿಲರೇಟರ್ ಒತ್ತಿದರೆ ಎಲ್ಲ ಸೈಲೆನ್ಸರೂ ಚೆನ್ನಾಗೇ ಕೇಳಿಸುತ್ತೆ. ಅದನ್ನು ನಂಬಿ ನಾನು ಎರಡು ಸಲ ಬೇಸ್ತು ಬಿದ್ದೆ. ಮೂರನೇ ಸಲಕ್ಕೆ ಬುದ್ಧಿ ಬಂತು: ಒಂದೇ ವೇಗದಲ್ಲಿ ಅರ್ಧ ಗಂಟೆ ಓಡಿಸಿ ನೋಡದೆ ಯಾವುದನ್ನೂ ಮೆಚ್ಚಬಾರದು.

ನನ್ನದು ನಾಲ್ಕು ಸಿಲಿಂಡರ್‌ನ ಸಣ್ಣ ಪೆಟ್ರೋಲ್ ಕಾರು. ಹಿಂದಿನ ಸೈಲೆನ್ಸರ್ ತಳ ತುಕ್ಕು ತಿಂದು ತೂತಾಗಿತ್ತು. ತಪ್ಪು ನನ್ನದೇ, ದಿನಾ ಹತ್ತು ನಿಮಿಷದ ಓಡಾಟ ಅಷ್ಟೇ. ಪೈಪ್ ಪೂರ್ತಿ ಬಿಸಿಯಾಗದಿದ್ದರೆ ಹೊಗೆಯಲ್ಲಿರುವ ನೀರಾವಿ ಒಳಗೇ ನೀರಾಗಿ ನಿಲ್ಲುತ್ತದೆ, ತಗಡು ಒಳಗಿನಿಂದ ಕೊಳೆಯುತ್ತದೆ. ಕಂಪನಿಯದೇ ಹೊಸದು ಹಾಕಿಸುವಷ್ಟು ದುಡ್ಡು ಇರಲಿಲ್ಲ. ಹಾಗಾಗಿ ನಾನೇ ಕಾರಿನಡಿ ಮಲಗಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕ್ಯಾಟಲಿಟಿಕ್ ಕನ್ವರ್ಟರ್ ಮುಟ್ಟಲಿಲ್ಲ. ವಿಷದ ಹೊಗೆ ಕಡಿಮೆ ಮಾಡುವುದೇ ಅದು, ಸದ್ದಿಗಿಂತ ದೊಡ್ಡ ವಿಷಯ. ತೆಗೆದರೆ ಅದರ ಹಿಂದಿರುವ ಆಕ್ಸಿಜನ್ ಸೆನ್ಸರ್‌ಗೆ ಗೊತ್ತಾಗಿ ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ ಹತ್ತುತ್ತೆ. ನನ್ನ ಪ್ರಯೋಗವೆಲ್ಲ ಅದರ ಹಿಂದಕ್ಕೆ ಮಾತ್ರ.

ಮೊದಲು ಹಾಕಿದ್ದು ಬರೀ ಪೈಪ್. ಸೈಲೆನ್ಸರ್ ಕತ್ತರಿಸಿ ಅದೇ ಅಳತೆಯ ಪೈಪ್ ತೂರಿಸಿ ಎರಡು ಕ್ಲಾಂಪ್ ಬಿಗಿದೆ. ಒಂದು ಗಂಟೆಯ ಕೆಲಸ, ಖರ್ಚು ಏನೂ ಇಲ್ಲ ಅನ್ನಬಹುದು. ಸ್ಟಾರ್ಟ್ ಮಾಡಿದ ತಕ್ಷಣ ನಗು ಬಂತು, ನನ್ನ ಬಡಪಾಯಿ ಕಾರು ರೇಸಿಗೆ ಹೊರಟಂತಿತ್ತು. ಆ ನಗು ಹೆದ್ದಾರಿ ಸೇರುವವರೆಗೆ ಮಾತ್ರ. 2,700 ಆರ್‌ಪಿಎಂ ಹತ್ತಿರ ಒಳಗೆಲ್ಲ ಗುಂಯ್ ಅನ್ನುವ ಸದ್ದು ತುಂಬಿಕೊಂಡಿತು. ಗೇರ್ ಪಕ್ಕದ ಗೂಡಿನಲ್ಲಿದ್ದ ನಾಣ್ಯ ಕಟಕಟ ಕುಣಿಯುತ್ತಿತ್ತು. ಪಕ್ಕದಲ್ಲಿ ಕೂತವರ ಜೊತೆ ಮಾತಾಡೋಕೆ ಕೂಗಬೇಕು.

ಲೆಕ್ಕ ಸುಲಭ. ನಾಲ್ಕು ಸಿಲಿಂಡರ್ ಎಂಜಿನ್ ಪ್ರತಿ ಸುತ್ತಿಗೆ ಎರಡು ಸಲ ಉರಿಯುತ್ತದೆ. ನಿಮಿಷಕ್ಕೆ 2,700 ಸುತ್ತು ಅಂದರೆ ಸೆಕೆಂಡಿಗೆ 90 ಬಡಿತ. ಈ ದಪ್ಪ ಸದ್ದಿಗೆ ಕಾರಿನ ಒಳಗಿನ ಜಾಗ ಡೋಲಿನ ಹಾಗೆ ಜೊತೆ ಕೊಡುತ್ತದೆ. ಕಿಟಕಿ ಮುಚ್ಚಿದರೆ ಇನ್ನೂ ಜಾಸ್ತಿ.

ಪಿಕಪ್ ಏನಾದರೂ ಬಂತಾ? ನನಗಂತೂ ಗೊತ್ತಾಗಲಿಲ್ಲ. ಎಂಜಿನ್‌ಗೆ ಸ್ವಲ್ಪ ಬ್ಯಾಕ್ ಪ್ರೆಶರ್, ಅಂದರೆ ಹೊರಹೋಗುವ ಹೊಗೆಗೆ ಪೈಪಿನ ತಡೆ, ಬೇಕು ಅಂತ ಎಲ್ಲರೂ ಹೇಳುತ್ತಾರೆ, ಅದು ಸುಳ್ಳು. ಬೇಕಾಗಿರುವುದು ಹೊಗೆಯ ವೇಗ. ಶೋಕಿಗೆ ತೀರಾ ದಪ್ಪ ಪೈಪ್ ಹಾಕಿದರೆ ಹೊಗೆ ನಿಧಾನವಾಗುತ್ತೆ, ಕಡಿಮೆ ಆರ್‌ಪಿಎಂನಲ್ಲಿ ಗಾಡಿ ಸಪ್ಪೆ ಅನಿಸುತ್ತೆ. ಅಂತೂ ನಾಲ್ಕು ದಿನಕ್ಕೆ ತಲೆ ಚಿಟ್ಟು ಹಿಡಿದು ಬಿಚ್ಚಿ ಹಾಕಿದೆ. ಹೇಗೂ ಇಷ್ಟು ಸದ್ದು ಕಾನೂನಿಗೂ ಒಗ್ಗುವುದಿಲ್ಲ.

ಎರಡನೆಯದು ಗ್ಲಾಸ್‌ಪ್ಯಾಕ್. ನೋಡೋಕೆ ದಪ್ಪ ಪೈಪ್ ಅಷ್ಟೇ. ಒಳಗೆ ತೂತು ತೂತಿನ ಕೊಳವೆ, ಸುತ್ತ ಗಾಜಿನ ನಾರು. ಹೊಗೆ ನೇರ ಹೋಗುತ್ತೆ, ಸದ್ದನ್ನು ನಾರು ಹೀರುತ್ತೆ. ಹಗುರ, ಸಣ್ಣದು, ಕೂರಿಸೋದು ಸುಲಭ. ಮೊದಲ ದಿನ ಸ್ವಲ್ಪ ಬಿಳಿ ಹೊಗೆ, ಸುಟ್ಟ ವಾಸನೆ ಬಂತು, ಆಮೇಲೆ ನಿಂತಿತು. ಕಿವಿಗೆ ಚುಚ್ಚುವ ಪರಪರ ಸದ್ದು ಪೂರ್ತಿ ಹೋಯಿತು. ಗುಂಯ್ ಮಾತ್ರ ಹೋಗಲಿಲ್ಲ, ಅರ್ಧಕ್ಕೆ ಇಳಿಯಿತು. ತೆಳು ಸದ್ದನ್ನು ನಾರು ಚೆನ್ನಾಗಿ ನುಂಗುತ್ತೆ, ದಪ್ಪ ಸದ್ದು ಅದಕ್ಕೆ ಬಗ್ಗಲ್ಲ. ಎಂಟು ತಿಂಗಳಿಗೆ ಮತ್ತೆ ಜೋರಾಯಿತು, ಒಳಗಿನ ನಾರು ಸವೆದು ಹಾರಿಹೋಗಿತ್ತು.

ಈ ನಡುವೆ ಗುಂಯ್ ಕೊಲ್ಲಲು ಮೊಂಡು ಕೊಂಬೆ ಪೈಪ್ ಹಾಕೋಣ ಅಂತ ಆಸೆಯಾಗಿತ್ತು. ಮುಖ್ಯ ಪೈಪಿಗೆ ಪಕ್ಕದಲ್ಲಿ ಒಂದು ಕೊಂಬೆ, ಅದರ ತುದಿ ಮುಚ್ಚಿರಬೇಕು. ಉದ್ದ ಆ ಸದ್ದಿನ ಅಲೆಯ ಕಾಲು ಭಾಗವಿದ್ದರೆ, ತುದಿಗೆ ಬಡಿದು ವಾಪಸ್ ಬರುವ ಅಲೆ ಮೂಲದ ಸದ್ದನ್ನು ಅಳಿಸುತ್ತದೆ. 90 ಬಡಿತಕ್ಕೆ ಲೆಕ್ಕ ಹಾಕಿದರೆ ಒಂದು ಮೀಟರ್‌ಗಿಂತ ಉದ್ದ ಬಂತು. ಟೇಪ್ ಹಿಡಿದು ಕಾರಿನಡಿ ತೆವಳಿದೆ. ಅಷ್ಟು ಜಾಗ ಎಲ್ಲಿಂದ ತರಲಿ!

ಮೂರನೆಯದು ಕೋಣೆಗಳಿರುವ ಮಾಮೂಲಿ ಡಬ್ಬ, ಎಲ್ಲ ಕಾರಿಗೂ ಆಗುತ್ತೆ ಅಂತ ಮಾರುವ ಜಾತಿ. ಒಳಗೆ ಗೋಡೆಗಳಿವೆ. ಸದ್ದು ಅಲ್ಲಿಂದಿಲ್ಲಿಗೆ ಬಡಿದು ತನ್ನನ್ನು ತಾನೇ ಕಳೆದುಕೊಳ್ಳುತ್ತದೆ. ದಪ್ಪ ಸದ್ದಿಗೆ ಇದೇ ಮದ್ದು. ಎಲ್ಲ ಕಾರಿಗೂ ಆಗುತ್ತೆ ಅಂದರೆ ಯಾವ ಕಾರಿಗೂ ಸರಿಯಾಗಿ ಆಗಲ್ಲ ಅಂತಲೂ ಅರ್ಥ. ಬಾಯಿ ದೊಡ್ಡದಾಗಿತ್ತು, ಅದನ್ನು ಸಣ್ಣ ಪೈಪಿಗೆ ಸೇರಿಸುವ ರೆಡ್ಯೂಸರ್ ತಂದೆ. ಡಬ್ಬದ ಕೊಂಡಿ ಕಾರಿನಡಿ ಅದನ್ನು ತೂಗುಹಾಕುವ ರಬ್ಬರಿಗೆ ಎಟುಕಲಿಲ್ಲ, ಬಗ್ಗಿಸಿದೆ. ತೂಕ ಜಾಸ್ತಿ, ಎದೆ ಮೇಲೆ ಇಟ್ಟುಕೊಂಡು ಬೋಲ್ಟ್ ಹುಡುಕುತ್ತಿದ್ದೆ. ಇಡೀ ಶನಿವಾರ ಹೋಯಿತು. ಹೆದ್ದಾರಿಯಲ್ಲಿ ಮಾತ್ರ ನಾಣ್ಯ ಸುಮ್ನೆ ಕೂತಿತ್ತು. ನಿಂತಲ್ಲಿ ಕೇಳಿದರೆ ಮೂರರಲ್ಲಿ ಇದರದ್ದೇ ಸಪ್ಪೆ ಸದ್ದು. ಆದರೂ ನನ್ನ ಮತ ಇದಕ್ಕೇ.

ಜೋಡಣೆಯಲ್ಲೂ ಹೋಲಿಕೆ ಇದೆ. ಯು ಆಕಾರದ ಕ್ಲಾಂಪ್ ಅಗ್ಗ, ಆದರೆ ಬಿಗಿದಂತೆ ಪೈಪನ್ನೇ ಅಮುಕಿ ಬಿಡುತ್ತೆ. ಮೊದಲ ಪೈಪ್ ಬಿಚ್ಚೋಕೆ ಹೋದಾಗ ಒಳಗೆ ಕಚ್ಚಿಕೊಂಡಿತ್ತು, ಗರಗಸದಿಂದ ಕೊಯ್ಯಬೇಕಾಯಿತು. ಅಗಲ ಪಟ್ಟಿಯ ಕ್ಲಾಂಪ್‌ಗೆ ಬೆಲೆ ಹೆಚ್ಚು, ಆದರೆ ಪೈಪ್ ಹಾಳಾಗಲ್ಲ, ಬಿಚ್ಚಿ ಮತ್ತೆ ಹಾಕಬಹುದು. ಪ್ರಯೋಗ ಮಾಡುವವರಿಗೆ ಅದೇ ಸರಿ. ವೆಲ್ಡಿಂಗ್ ಗಟ್ಟಿ, ಆದರೆ ಅದಕ್ಕೆ ಮುಂಚೆ ಬ್ಯಾಟರಿ ತಂತಿ ಬಿಚ್ಚಬೇಕು. ಸತು ಲೇಪಿಸಿದ ನೀರಿನ ಜಿಐ ಪೈಪ್ ಸಿಕ್ಕಿತು ಅಂತ ವೆಲ್ಡ್ ಮಾಡಲು ಹೋಗಬೇಡಿ. ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತೆ.

ಹಿಂದೆ ಹೊಳೆಯುವ ದಪ್ಪ ಮೂತಿ ಹಾಕುವುದರ ಬಗ್ಗೆ ಏನು ಹೇಳಲಿ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನಾನೂ ಹಾಕಿದ್ದೇನೆ.

ಸೋರಿಕೆ ನೋಡುವುದನ್ನು ಮಾತ್ರ ಬಿಡಬಾರದು. ಎಂಜಿನ್ ತಣ್ಣಗಿರುವಾಗ, ಬಯಲಲ್ಲಿ ಸ್ಟಾರ್ಟ್ ಮಾಡಿ. ಇನ್ನೊಬ್ಬರು ಒದ್ದೆ ಬಟ್ಟೆಯಿಂದ ಪೈಪಿನ ಬಾಯಿ ಕ್ಷಣ ಹೊತ್ತು ಮುಚ್ಚಲಿ. ಜೋಡಣೆ ಸಡಿಲ ಇದ್ದರೆ ಸುಯ್ ಅನ್ನುತ್ತೆ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತೆ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಅಡಿಯಲ್ಲಿ ಸೋರಿದರೆ ಒಳಗೆ ಕೂತವರಿಗೆ ಗೊತ್ತಾಗುವುದೇ ಇಲ್ಲ. ಕಾರಿನಡಿ ಮಲಗುವ ಮುಂಚೆ ಚಕ್ರಕ್ಕೆ ಅಡ್ಡ ಕೊಟ್ಟು, ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕಾರಿನಡಿ ಹೋಗಬೇಡಿ.

ನನ್ನ ಡಬ್ಬಕ್ಕೆ ಈಗ ವರ್ಷವಾಯಿತು. ಹಂಪ್ ಹತ್ತಿದಾಗ ಒಂದು ಸಲ ಡಬ್ ಅನ್ನುತ್ತೆ, ಎಡಗಡೆ ರಬ್ಬರ್ ಜೋತು ಬಿದ್ದಿದೆ. ಬರುವ ಭಾನುವಾರ ಮತ್ತೆ ಅಡಿಯಲ್ಲಿ ಮಲಗಬೇಕು.