ಚೆಂಡೆಯ ಹೊಡೆತಕ್ಕೆ 60 ವಾಟ್ ಸಾಕೇ? ಯಮಹಾ ಎ-ಎಸ್301 ಆಂಪ್ಲಿಫೈಯರ್, ಕೆಲವು ವರ್ಷ ಬಳಸಿದ ಮೇಲೆ

ಸ್ಪೀಕರ್ ಮೊದಲೇ ಮನೆಯಲ್ಲಿತ್ತು, ಕ್ಯೂ ಅಕೌಸ್ಟಿಕ್ಸ್ 3020ಐ. ಆಂಪ್ಲಿಫೈಯರ್ ಹುಡುಕುವಾಗ ಅಂಗಡಿಗಳಲ್ಲಿ ಸಿಕ್ಕ ಸಲಹೆ ಒಂದೇ: ‘ವಾಟ್ಸ್ ಜಾಸ್ತಿ ಇರೋದೇ ತಗೊಳ್ಳಿ ಸಾರ್.’ ನಾನು ನೆಚ್ಚಿದ್ದು ಸ್ಪೀಕರಿನ ಕೈಪಿಡಿಯನ್ನು. ಇಂಪೀಡೆನ್ಸ್ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ) 6 ಓಮ್, ಕೆಲವು ಸ್ವರಮಟ್ಟಗಳಲ್ಲಿ 4ಕ್ಕೆ ಇಳಿಯುತ್ತದೆ. ಸೆನ್ಸಿಟಿವಿಟಿ, ಅಂದರೆ ಕೊಟ್ಟ ಶಕ್ತಿಗೆ ಅದು ಮಾಡುವ ಸದ್ದು, 88 ಡೆಸಿಬೆಲ್. 25ರಿಂದ 75 ವಾಟ್‌ನ ಆಂಪ್ ಸಾಕು. ನಾನು ತಂದ ಯಮಹಾದ್ದು 8 ಓಮ್‌ಗೆ ಚಾನೆಲ್‌ಗೆ 60 ವಾಟ್. ಡಬ್ಬಿಯ ಮೇಲೆ ಸಾವಿರಗಟ್ಟಲೆ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಬರೆದುಕೊಂಡ ಸೆಟ್‌ಗಳ ಜೊತೆ ಈ 60ನ್ನು ಹೋಲಿಸಲೇಬೇಡಿ, ಇದು ಬಿಡದೆ ಕೊಡಬಲ್ಲ ಶಕ್ತಿ.

ಲೆಕ್ಕ ಸರಳ. ಸುಮಾರು ಒಂದು ವಾಟ್ ಕೊಟ್ಟರೆ ಈ ಸ್ಪೀಕರ್ ಒಂದು ಮೀಟರ್ ದೂರಕ್ಕೆ 88 ಡೆಸಿಬೆಲ್ ಸದ್ದು ಮಾಡುತ್ತದೆ. ಅದೇ ಸಾಕಷ್ಟು ಜೋರು. ಅಲ್ಲಿಂದ 3 ಡೆಸಿಬೆಲ್ ಏರಿಸಲು ಶಕ್ತಿ ಎರಡು ಪಟ್ಟಾಗಬೇಕು, ಕಿವಿಗೆ ಇಮ್ಮಡಿ ಅನಿಸಲು ಹತ್ತು ಪಟ್ಟು. 60ರ ಬದಲು 120 ವಾಟ್‌ನದು ತಂದಿದ್ದರೆ ದುಡ್ಡಿನ ವ್ಯತ್ಯಾಸ ಗೊತ್ತಾಗುತ್ತಿದ್ದಷ್ಟು ಸದ್ದಿನದ್ದು ಗೊತ್ತಾಗುತ್ತಿರಲಿಲ್ಲ.

ಹಾಗಾದರೆ 20 ವಾಟ್ ಸಾಲದೇ? ನಮ್ಮನೆಯಲ್ಲಿ ಹೆಚ್ಚು ಓಡುವುದು ಯಕ್ಷಗಾನದ ಪದಗಳು. ಭಾಗವತರ ಸ್ವರಕ್ಕೆ ಒಂದೆರಡು ವಾಟ್ ಸಾಕು. ಆದರೆ ಚೆಂಡೆಯ ಪೆಟ್ಟು ಅದಕ್ಕಿಂತ 15 ಡೆಸಿಬೆಲ್ ಮೇಲೆ ಹಾರಿದರೆ ಆ ಕ್ಷಣಕ್ಕೆ ಮೂವತ್ತು ಪಟ್ಟು ಬೇಕು. ಸಣ್ಣ ಆಂಪ್ ಅಲ್ಲಿ ದಣಿದು ಸದ್ದಿನ ಅಲೆಯ ತಲೆಯನ್ನೇ ಕತ್ತರಿಸುತ್ತದೆ; ಚೆಂಡೆ ತಗಡಿನ ಡಬ್ಬದಂತೆ ಕೇಳುತ್ತದೆ, ಟ್ವೀಟರ್‌ಗೂ (ತಾರ ಸ್ವರದ ಸಣ್ಣ ಸ್ಪೀಕರ್) ಅಪಾಯ. ಈ ಯಮಹಾದಲ್ಲಿ ಪೆಟ್ಟು ಪೆಟ್ಟಾಗಿಯೇ ಬರುತ್ತದೆ, ಚಕ್ರತಾಳ ಕಿವಿ ಚುಚ್ಚುವುದಿಲ್ಲ.

ನನಗೆ ತುಂಬಾ ಹಿಡಿಸಿದ್ದು ಲೌಡ್‌ನೆಸ್ ಗುಬುಟು. ಸದ್ದು ತಗ್ಗಿದಾಗ ನಮ್ಮ ಕಿವಿಗೆ ಮಂದ್ರ ಮೊದಲು ಕಳೆದುಹೋಗುತ್ತದೆ, ಅದನ್ನು ತುಂಬಿಕೊಡುವ ಕೆಲಸ ಇದರದ್ದು. ಹೆಚ್ಚಿನವರು ಇದನ್ನು ಬಾಸ್ ಗುಬುಟಿನಂತೆ ತಿರುಗಿಸುತ್ತಾರೆ. ಕ್ರಮ ಬೇರೆ: ಮೊದಲು ಇದನ್ನು ಫ್ಲಾಟ್‌ನಲ್ಲಿಟ್ಟು, ನೀವು ಕೇಳುವ ಅತಿ ಹೆಚ್ಚಿನ ಮಟ್ಟಕ್ಕೆ ವಾಲ್ಯೂಮ್ ಏರಿಸಿ. ಆಮೇಲೆ ವಾಲ್ಯೂಮ್ ಮುಟ್ಟದೆ ಇದರಿಂದಲೇ ಸದ್ದು ತಗ್ಗಿಸಿ. ರಾತ್ರಿ ಮಕ್ಕಳು ಮಲಗಿದ ಮೇಲೂ ಮದ್ದಳೆಯ ಗುಂಗು ಉಳಿಯುತ್ತದೆ. ಪ್ಯೂರ್ ಡೈರೆಕ್ಟ್ ಬಟನ್ ಒತ್ತಿದರೆ ಲೌಡ್‌ನೆಸ್‌ನಂಥ ಹೊಂದಾಣಿಕೆಯೆಲ್ಲ ಬಂದ್, ಹಾಗಾಗಿ ನಾನದನ್ನು ಒತ್ತುವುದು ಕಡಿಮೆ.

ಕೊರತೆ ಇಲ್ಲವೆಂದಲ್ಲ. ಬ್ಲೂಟೂತ್ ಇಲ್ಲ, ಎಚ್‌ಡಿಎಂಐ ಇಲ್ಲ. ಟಿವಿಗೆ ಆಪ್ಟಿಕಲ್ ವೈರ್ ಎಳೆದಿದ್ದೇನೆ. ಟಿವಿಯ ಆಡಿಯೋ ಸೆಟ್ಟಿಂಗ್ ಪಿಸಿಎಂಗೆ (ಕುಗ್ಗಿಸದ ಡಿಜಿಟಲ್ ಸದ್ದು) ಬದಲಾಯಿಸದಿದ್ದರೆ ಸದ್ದೇ ಬರುವುದಿಲ್ಲ. ಹಳೆಯ ರೆಕಾರ್ಡ್ ಪ್ಲೇಯರ್ ಇದ್ದವರಿಗೆ ಫೋನೋ ಇನ್‌ಪುಟ್ ಉಂಟು, ಎಂಎಂ (ಮೂವಿಂಗ್ ಮ್ಯಾಗ್ನೆಟ್) ಬಗೆಯ ಕಾರ್ಟ್ರಿಜ್‌ಗೆ, ಅಂದರೆ ಮುಳ್ಳಿರುವ ಭಾಗಕ್ಕೆ, ಮಾತ್ರ.

ಕರಾವಳಿಯ ಮಳೆಗಾಲದ ತೇವಕ್ಕೆ ವೈರ್ ತುದಿಗಳು ಕಪ್ಪಾಗುತ್ತವೆ, ಆಗಾಗ ಬಿಚ್ಚಿ ಒರೆಸಬೇಕು. ಕರೆಂಟು ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಓಡಿಸಿದರೆ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತದೆ, ಸೈನ್ ವೇವ್ ಆದರೆ ತೊಂದರೆಯಿಲ್ಲ.

ನಿಮ್ಮ ಸ್ಪೀಕರ್ 83–84 ಡೆಸಿಬೆಲ್‌ನದಾಗಿ, ಇಂಪೀಡೆನ್ಸೂ 4 ಓಮ್ ಇದ್ದು, ಹಾಲ್ ದೊಡ್ಡದಿದ್ದರೆ ಇದನ್ನು ಕೊಳ್ಳಬೇಡಿ. 4 ಓಮ್‌ಗೆ ಎಷ್ಟು ವಾಟ್ ಅಂತ ಸ್ಪಷ್ಟವಾಗಿ ಬರೆದಿರುವ, ಇನ್ನೂ ಬಲವಾದದ್ದನ್ನು ನೋಡಿ.