ಗ್ಯಾಲೆನ್ ತೊಂದರೆಯ ಮಗುವಿಗೆ ಯಾವ ಶಂಟ್ ವಾಲ್ವ್?

ವಾಲ್ವ್‌ಗಳ ಗುಣದೋಷಕ್ಕೆ ಬರುವ ಮುಂಚೆ ಒಂದು ಮಾತು: ವೇನ್ ಆಫ್ ಗ್ಯಾಲೆನ್ ಮಾಲ್‌ಫಾರ್ಮೇಶನ್ (ಮಿದುಳಿನ ಗ್ಯಾಲೆನ್ ಅಭಿಧಮನಿಯ ಹುಟ್ಟುದೋಷ) ಇರುವ ಮಗುವಿಗೆ ಶಂಟ್, ಅಂದರೆ ಮಿದುಳಿನ ನೀರನ್ನು ಹೊರಹರಿಸುವ ವಾಲ್ವ್ ಇರುವ ಕೊಳವೆ, ಮೊದಲ ಚಿಕಿತ್ಸೆಯಲ್ಲ. ಇಲ್ಲಿ ಅಪಧಮನಿಯ ರಕ್ತ ನೇರವಾಗಿ ದೊಡ್ಡ ಅಭಿಧಮನಿಗೆ ನುಗ್ಗಿ ಅಲ್ಲಿನ ಒತ್ತಡ ಏರುತ್ತದೆ. ಹಾಗಾಗಿ ಮಿದುಳಿನ ನೀರು ರಕ್ತಕ್ಕೆ ಇಂಗುವುದಿಲ್ಲ, ತಲೆ ಬೆಳೆಯುತ್ತದೆ. ರಕ್ತದ ಹರಿವನ್ನು ತಡೆಯದೆ ನೀರನ್ನಷ್ಟೇ ಹೊರಬಿಟ್ಟರೆ ಅಭಿಧಮನಿಗಳ ಒತ್ತಡ ಮಿದುಳಿಗೇ ತಟ್ಟಿ ಫಿಟ್ಸ್, ರಕ್ತಸ್ರಾವ ಆಗಬಹುದು. ತೊಡೆಸಂದಿನ ಅಪಧಮನಿಯಿಂದ ಕ್ಯಾತಿಟರ್ ಏರಿಸಿ ಅಂಟು ತುಂಬುವ ಎಂಬೊಲೈಸೇಶನ್ ಮೊದಲು ಆಗಬೇಕು. ಈ ಹರಿವಿನ ಹೊರೆಯನ್ನು ಹೃದಯ ತಡೆದುಕೊಂಡರೆ 5–6 ತಿಂಗಳ ವಯಸ್ಸಿನವರೆಗೆ ಕಾಯುತ್ತಾರೆ, ಒಂದೇ ಸಲಕ್ಕೆ ಪೂರ್ತಿ ಮುಚ್ಚುವುದಿಲ್ಲ. ಕಾಸರಗೋಡಿನವರು ಇದಕ್ಕೆ ತಿರುವನಂತಪುರದ ಶ್ರೀ ಚಿತ್ರಾ ಆಸ್ಪತ್ರೆಯಂಥ ಕಡೆಗೇ ಹೋಗಬೇಕಾಗುತ್ತದೆ. ದೂರ ನಿಜ, ಆದರೆ ಹತ್ತಿರವೆಂದು ಶಂಟ್‌ನಿಂದ ಶುರುಮಾಡುವುದು ತಪ್ಪು. ಒತ್ತಡ ಏರಿ ಜೀವಕ್ಕೇ ಅಪಾಯವಾದಾಗ ಮಾತ್ರ ಲೆಕ್ಕ ಬೇರೆ.

ಆಮೇಲೂ ನೀರು ಇಳಿಯದಿದ್ದರೆ ಶಂಟ್.

ಶಾಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟ್ ಅಗ್ಗ, ಸರಳ. ವಾಲ್ವ್ ತೆರೆಯುವ ಒತ್ತಡ ಲೋ, ಮೀಡಿಯಂ, ಹೈ ಎಂದು ಮೊದಲೇ ನಿಗದಿ. ಬದಲಿಸಬೇಕಾದರೆ ಮತ್ತೆ ಆಪರೇಷನ್. ಆದರೆ ಎಂಆರ್‌ಐ ಆಯಸ್ಕಾಂತಕ್ಕೆ ಕದಲುವ ಸೆಟ್ಟಿಂಗೇ ಇದರಲ್ಲಿಲ್ಲ. ಉಳಿದ ರಕ್ತದ ಹರಿವನ್ನು ನೋಡಲು ಈ ಮಕ್ಕಳಿಗೆ ಪದೇ ಪದೇ ಎಂಆರ್‌ಐ ಆಗುವುದರಿಂದ ಇದು ಸಣ್ಣ ವಿಷಯವಲ್ಲ.

ಸ್ಟ್ರಾಟಾ, ಸರ್ಟಾಸ್ ಪ್ಲಸ್ ಪ್ರೋಗ್ರಾಮೆಬಲ್, ಅಂದರೆ ಒತ್ತಡದ ಮಟ್ಟ ಬದಲಿಸಬಲ್ಲ ವಾಲ್ವ್‌ಗಳು. ಸ್ಟ್ರಾಟಾದಲ್ಲಿ 0.5ರಿಂದ 2.5ರವರೆಗೆ 5 ಮಟ್ಟಗಳಿವೆ, ಚರ್ಮದ ಮೇಲಿಂದಲೇ ಬದಲಿಸಬಹುದು. ಪ್ರತಿ ಎಂಆರ್‌ಐ ಆದಮೇಲೂ ಮಟ್ಟ ಸರಿದಿದೆಯೇ ನೋಡಿಸಲೇಬೇಕು. ಸರ್ಟಾಸ್ ಪ್ಲಸ್‌ನಲ್ಲಿ 8 ಮಟ್ಟಗಳು, 8ನೆಯದು ಹೆಚ್ಚುಕಡಿಮೆ ಬಂದ್. 3 ಟೆಸ್ಲಾ ಯಂತ್ರದಲ್ಲೂ ಸೆಟ್ಟಿಂಗ್ ಕದಲದಂತೆ ಮಾಡಿದ್ದು. ಪ್ರೋಗ್ರಾಮೆಬಲ್‌ಗಳ ಬೆಲೆ ಹಲವು ಪಟ್ಟು. ಖರ್ಚು ನಿಭಾಯಿಸಬಹುದಾದರೆ ಸರ್ಟಾಸ್‌ನಂಥದ್ದು, ಇಲ್ಲವಾದರೆ ಛಾಬ್ರಾ. ಪದೇ ಪದೇ ಎಂಆರ್‌ಐ ಆಗುವ ಈ ಮಕ್ಕಳಿಗೆ ಸ್ಟ್ರಾಟಾ ಕೊನೆಯ ಆಯ್ಕೆ.

ಯಾವುದೇ ಹಾಕಿಸಿದರೂ ಕಟ್ಟಿಕೊಳ್ಳಬಹುದು. ಸಾಮಾನ್ಯವಾಗಿ ತಲೆಯೊಳಗಿನ ತುದಿಯ ರಂಧ್ರಗಳಿಗೆ ಕೋರಾಯ್ಡ್ ಪ್ಲೆಕ್ಸಸ್ (ಮಿದುಳಿನ ನೀರು ಒಸರುವ ಅಂಗಾಂಶ) ಹೊಕ್ಕು. ಸೋಂಕು ಬಂದರೆ ಹೆಚ್ಚಾಗಿ ಮೊದಲ 6 ತಿಂಗಳೊಳಗೇ. ನೆತ್ತಿ ಉಬ್ಬಿದರೆ, ವಾಂತಿ, ಮಂಪರು ಕಂಡರೆ, ಕಣ್ಣುಗುಡ್ಡೆ ಕೆಳಗಿಳಿದರೆ ಬೆಳಗಾಗಲಿ ಎಂದು ಕಾಯಬಾರದು. ತಲೆಯ ಸುತ್ತಳತೆಯನ್ನು ವಾರಕ್ಕೊಮ್ಮೆ, ಹುಬ್ಬಿನ ಮೇಲಿಂದ ಹಿಂದಲೆಯ ಉಬ್ಬಿನವರೆಗೆ ಟೇಪ್ ಸುತ್ತಿ 3 ಸಲ ತೆಗೆದು, ದೊಡ್ಡದನ್ನು ಬರೆದಿಡಿ.

ವಾಲ್ವ್‌ನ ಹೆಸರು, ಸೆಟ್ಟಿಂಗ್ ಸಂಖ್ಯೆ ಬರೆದ ಕಾರ್ಡ್ ಮಗುವಿನ ಚೀಲದಲ್ಲೇ ಇರಲಿ. ಪ್ರೋಗ್ರಾಮೆಬಲ್ ಆದರೆ ಆ ವಾಲ್ವ್‌ನ ಸೆಟ್ಟಿಂಗ್ ಓದುವ ಉಪಕರಣ ಮಂಗಳೂರಿನಲ್ಲಿ ಎಲ್ಲಿದೆ ಎಂದು ಆಪರೇಷನ್‌ಗೆ ಮುಂಚೆಯೇ ವಿಚಾರಿಸಿ.